ನಗೆಯ ಗರಡಿಯಲ್ಲಿ ಪಳಗಿದ ನಟಿ

1995ರಲ್ಲಿ ಬಂದ ‘ಪುಟ್ನಂಜ’ ಚಿತ್ರದಲ್ಲಿ ರವಿಚಂದ್ರನ್ ಮೊಮ್ಮಗ, ಉಮಾಶ್ರೀ ಅಜ್ಜಿ. ರವಿಚಂದ್ರನ್ ಹುಟ್ಟಿದ್ದು 1961ರ ಮೇ ತಿಂಗಳಲ್ಲಿ, ಉಮಾಶ್ರೀ 1957ರ ಮೇ ತಿಂಗಳಲ್ಲಿ. ಅಜ್ಜಿಗೂ ಮೊಮ್ಮಗನಿಗೂ ನಾಲ್ಕೇ ವರ್ಷದ ಅಂತರ. ಆದರೂ ಥಿಯೇಟರಿನಲ್ಲಿ ಕುಳಿತವರಿಗೆ ಈ ಲೆಕ್ಕ ನೆನಪಾಗಲಿಲ್ಲ. 38 ವರ್ಷದ ಹೆಂಗಸೊಬ್ಬರು ಮುದುಕಿಯ ನಡಿಗೆ, ಮುದುಕಿಯ ದನಿ, ಮುದುಕಿಯ ಹಠ ಮೂರನ್ನೂ ತಂದು ನಿಲ್ಲಿಸಿದ್ದರು. ಜನ ಪುಟ್ಟಮಲ್ಲಿ ಎಂಬ ಆ ಅಜ್ಜಿಯನ್ನು ಕಂಡರೇ ಹೊರತು ಉಮಾಶ್ರೀಯನ್ನಲ್ಲ. ಇದಕ್ಕೆ 11 ವರ್ಷ ಮುಂಚೆ, 1984ರಲ್ಲಿ, ಕಾಶೀನಾಥ್ ಅವರ ‘ಅನುಭವ’ ಚಿತ್ರದಲ್ಲಿ ಇದೇ ನಟಿಯ ಬಗ್ಗೆ ಜನ ಬೇರೆಯೇ ಕಾರಣಕ್ಕೆ ಮಾತಾಡಿಕೊಂಡಿದ್ದರು. ಪುಟ್ಟಮಲ್ಲಿಯಾಗಿ 13 ವರ್ಷ ಕಳೆದ ಮೇಲೆ, ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ ಸೂಲಗಿತ್ತಿ ಗುಲಾಬಿಯಾಗಿ ಬಂದಾಗ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅವರಿಗೆ ಶ್ರೇಷ್ಠ ನಟಿಯ ಗೌರವ ಸಂದಿತು. ಇಂಥ ನಟಿಯನ್ನು ‘ಬಹುಮುಖ ಪ್ರತಿಭೆ’ ಎಂದು ಕರೆದು ಶಾಲು ಹೊದಿಸಿ ಕಳಿಸುವುದು ನಮ್ಮ ರೂಢಿ. ಆ ಬಹುಮುಖ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಈ ಲೇಖನದ ವಾದ ಇಷ್ಟೇ: ಉಮಾಶ್ರೀಯವರ ಹಾಸ್ಯ ಒಂದು ಕಡೆ, ಗಂಭೀರ ಅಭಿನಯ ಇನ್ನೊಂದು ಕಡೆ ಎಂದು ಗೆರೆ ಎಳೆಯುವುದು ತಪ್ಪು. ಗುಲಾಬಿ ಹುಟ್ಟಿದ್ದು ನಗೆಯ ಗರಡಿಯಲ್ಲೇ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡಿಗರು ಈ ಪ್ರಶ್ನೆಯನ್ನು ಯೋಚಿಸಲು ವಿಶೇಷ ಕಾರಣವಿದೆ. ಇಲ್ಲಿನ ಕನ್ನಡ ಮನೆಗಳಲ್ಲಿ ಬಹಳಷ್ಟರ ಬೇರು ಕುಂದಾಪುರ, ಉಡುಪಿ, ಮಂಗಳೂರು ಸೀಮೆಯಲ್ಲಿದೆ. ಉಳಿದವರಲ್ಲಿ ಅನೇಕರು ಉತ್ತರ ಕರ್ನಾಟಕದವರು. ಗುಲಾಬಿಯ ಕಥೆ ನಡೆಯುವುದು ಕುಂದಾಪುರದ ಕಡಲ ಕರೆಯಲ್ಲಿ. ಉಮಾಶ್ರೀಯವರ ಇನ್ನೊಂದು ದೊಡ್ಡ ಪಾತ್ರ, ‘ಕನಸೆಂಬೋ ಕುದುರೆಯನೇರಿ’ ಚಿತ್ರದ ರುದ್ರಿಯದು ಉತ್ತರ ಕರ್ನಾಟಕದ ಹಳ್ಳಿ. ಅಂದರೆ ಈ ನಟಿ ತೆರೆಯ ಮೇಲೆ ಬದುಕಿದ್ದು ನಮ್ಮವರು ಬಿಟ್ಟು ಬಂದ ಊರುಗಳಲ್ಲಿ. ಮತ್ತೊಂದು ಕಾರಣ ಇನ್ನೂ ಹತ್ತಿರದ್ದು. ಇಲ್ಲಿ ಕನ್ನಡ ಚಿತ್ರ ಥಿಯೇಟರಿಗೆ ಬರುವುದು ಅಪರೂಪ. ಬಂದರೂ ದೊಡ್ಡ ಬಜೆಟ್ಟಿನ ಚಿತ್ರಗಳು ಮಾತ್ರ, ಅದೂ ಒಂದೆರಡು ಆಟ. ಇಲ್ಲಿನ ಕನ್ನಡ ಹೆಂಗಸರಿಗೆ ಉಮಾಶ್ರೀ ಸಿಕ್ಕಿದ್ದು ಹೆಚ್ಚಾಗಿ ಟಿವಿಯಲ್ಲಿ, ಅಡುಗೆಮನೆಯ ಕೆಲಸ ಮುಗಿಸಿ ಕೂತ ಹೊತ್ತಿನಲ್ಲಿ. ‘ಗುಲಾಬಿ ಟಾಕೀಸ್’ ಹೇಳುವುದೂ ಇದನ್ನೇ: ಚಿತ್ರಮಂದಿರಕ್ಕೆ ಹೋಗಲಾಗದ ಹೆಂಗಸರ ಮನೆ ಬಾಗಿಲಿಗೆ ಸಣ್ಣ ಪರದೆ ಬಂದಾಗ ಏನಾಗುತ್ತದೆ ಎಂಬುದನ್ನು. ಆ ಚಿತ್ರವನ್ನು ಅರ್ಥ ಮಾಡಿಕೊಳ್ಳಲು ನಮಗಿಂತ ಸರಿಯಾದ ಪ್ರೇಕ್ಷಕರು ಸಿಗಲಾರರು.

ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ ಅಭಿನಯ ಕಲಿತದ್ದು ರಂಗಭೂಮಿಯಲ್ಲಿ. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವನಾದವರು ಇವರೇ. ಸಾಕವ್ವನಿಗೆ ಕಳೆದುಹೋದದ್ದು ಒಂದು ಹುಂಜ. ಓದಿ ಹೇಳಿದರೆ ಇದು ದೊಡ್ಡ ನಷ್ಟ ಅನ್ನಿಸುವುದಿಲ್ಲ. ಆದರೆ ಬಡತನದ ಮನೆಯಲ್ಲಿ ಒಂದು ಹುಂಜ ಎಂದರೆ ಏನು, ಅದನ್ನು ಹುಡುಕುತ್ತ ಊರೆಲ್ಲ ಅಲೆಯುವ ಮುದುಕಿಯ ರೊಚ್ಚು ಎಂಥದ್ದು ಎಂಬುದನ್ನು ಕಾಣಿಸಬೇಕಾದವರು ನಟಿ. ಸಾಕವ್ವನ ಬೈಗುಳದಲ್ಲಿ ನಗುವಿದೆ, ಅದರ ಅಡಿಯಲ್ಲಿ ಹಸಿವಿದೆ. ನಗುವನ್ನು ಬಿಟ್ಟುಕೊಟ್ಟರೆ ಪಾತ್ರ ಗೋಳಾಗುತ್ತದೆ. ಹಸಿವನ್ನು ಬಿಟ್ಟರೆ ಪ್ರಹಸನವಾಗುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿಯುವ ಪಾಠವನ್ನು ಉಮಾಶ್ರೀ ಅಲ್ಲಿ ಕಲಿತರು. ರಂಗದ ಮೇಲೆ ಇನ್ನೊಂದು ಶಿಸ್ತೂ ಇದೆ. ಅಲ್ಲಿ ಕ್ಯಾಮೆರಾ ಹತ್ತಿರ ಬಂದು ಕಣ್ಣೀರನ್ನು ದೊಡ್ಡದು ಮಾಡಿ ತೋರಿಸುವುದಿಲ್ಲ. ಕೊನೆಯ ಸಾಲಿನಲ್ಲಿ ಕೂತವರಿಗೂ ದುಃಖ ತಲುಪಬೇಕಾದರೆ ಬೆನ್ನು, ಭುಜ, ನಡಿಗೆ, ಸೆರಗು ಹಿಡಿದ ಕೈ ಎಲ್ಲವೂ ಮಾತಾಡಬೇಕು. ಗಡ್ಕರಿ ರಂಗಾಯತನದ ಕೊನೆಯ ಸಾಲಿನಲ್ಲಿ ಕೂತು ನಾಟಕ ನೋಡಿದ ಥಾಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಿನಿಮಾಕ್ಕೆ ಈ ಪಾಠ ಮೊದಲು ಬೇಕಾಗಲಿಲ್ಲ. 1980ರ ‘ಬಂಗಾರದ ಜಿಂಕೆ’ಯಿಂದ ತೆರೆಗೆ ಬಂದ ಉಮಾಶ್ರೀಯವರನ್ನು ‘ಅನುಭವ’ ಮನೆಮಾತಾಗಿಸಿತು. ಅದೇ ಚಿತ್ರ ಅವರಿಗೊಂದು ಅಚ್ಚನ್ನೂ ಹಾಕಿಬಿಟ್ಟಿತು. ಆಮೇಲೆ ಬಂದ ಪಾತ್ರಗಳಲ್ಲಿ ಹೆಚ್ಚಿನವು ಹಾಸ್ಯದ ಜೋಡಿ, ಬಾಯಿಬಡುಕಿ, ಜಗಳಗಂಟಿ, ದ್ವಂದ್ವಾರ್ಥದ ಮಾತಿಗೆ ದ್ವಂದ್ವಾರ್ಥದಲ್ಲೇ ಉತ್ತರ ಕೊಡುವವಳು. ಎನ್.ಎಸ್. ರಾವ್ ಜೊತೆಗಿನ ಅವರ ಜೋಡಿಯನ್ನು ಆ ಕಾಲದ ಪ್ರೇಕ್ಷಕರು ಇಂದಿಗೂ ಮರೆತಿಲ್ಲ. ಇಂಥ ಪಾತ್ರಗಳಿಗೆ ಚಿತ್ರಕಥೆಯಲ್ಲಿ ಜಾಗ ಕಡಿಮೆ. ನಾಯಕಿಗೆ ಹುಟ್ಟು, ಪ್ರೀತಿ, ಅಗಲಿಕೆ ಎಲ್ಲ ಇರುತ್ತದೆ. ಹಾಸ್ಯ ನಟಿಗೆ ಹಿಂದಿಲ್ಲ, ಮುಂದಿಲ್ಲ. ಎರಡು ಹಾಡಿನ ನಡುವೆ ಬರಬೇಕು, ಬಂದ ಕ್ಷಣವೇ ಇವಳು ಯಾರೆಂದು ಗೊತ್ತಾಗಬೇಕು, ನಗಿಸಿ ಹೋಗಬೇಕು. ಆ ಎರಡು ನಿಮಿಷದಲ್ಲಿ ಒಂದು ಇಡೀ ಹೆಂಗಸನ್ನು ಕಟ್ಟಿ ನಿಲ್ಲಿಸುವುದು ಎಷ್ಟು ಕಷ್ಟ ಎಂಬುದನ್ನು ನಾವು ಗಮನಿಸುವುದಿಲ್ಲ, ಏಕೆಂದರೆ ಆ ಹೊತ್ತಿಗೆ ನಗುತ್ತಿರುತ್ತೇವೆ. ಎದುರಿನವನ ಮಾತು ಎಲ್ಲಿ ನಿಲ್ಲುತ್ತದೆ, ಎಷ್ಟು ಕ್ಷಣ ಸುಮ್ಮನಿರಬೇಕು, ಯಾವಾಗ ಕಣ್ಣು ಎತ್ತಬೇಕು ಎಂಬ ಲೆಕ್ಕ ಅರೆಕ್ಷಣ ತಪ್ಪಿದರೂ ನಗು ಸತ್ತುಹೋಗುತ್ತದೆ. ವರ್ಷಗಟ್ಟಲೆ ಈ ಲೆಕ್ಕವನ್ನು ತಪ್ಪದೆ ಮಾಡಿದವರು ಉಮಾಶ್ರೀ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಆ ದ್ವಂದ್ವಾರ್ಥದ ಪಾತ್ರಗಳು ಹೆಣ್ಣನ್ನು ಹಗುರ ಮಾಡಿದವಲ್ಲವೇ, ಅವನ್ನೂ ಕಲೆ ಎಂದು ಹೊಗಳಬೇಕೇ? ಆ ಕಾಲದ ಎಷ್ಟೋ ಸಂಭಾಷಣೆಗಳು ಹೆಣ್ಣಿನ ಮೈಯನ್ನು ಗೇಲಿಯ ವಸ್ತು ಮಾಡಿದ್ದು ನಿಜ. ಕುಟುಂಬದ ಜೊತೆ ಕೂತು ನೋಡಲು ಮುಜುಗರವಾಗುವ ದೃಶ್ಯಗಳಿದ್ದವು. ಅವನ್ನು ಸಮರ್ಥಿಸುವ ಅಗತ್ಯ ಯಾರಿಗೂ ಇಲ್ಲ. ಆದರೆ ಆ ಮಾತನ್ನು ಬರೆದವರು ಒಬ್ಬರು, ಬೇಡಿದ ಮಾರುಕಟ್ಟೆ ಇನ್ನೊಂದು. ಅದಕ್ಕೆ ಚಪ್ಪಾಳೆ ತಟ್ಟಿದವರು ನಾವು. ತಪ್ಪನ್ನೆಲ್ಲ ಆಡಿ ತೋರಿಸಿದ ಹೆಂಗಸಿನ ತಲೆಗೆ ಕಟ್ಟುವುದು ಅನ್ಯಾಯ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಆ ಚಿತ್ರಗಳಲ್ಲಿ ನಾಯಕಿ ನಾಚಿ ತಲೆ ತಗ್ಗಿಸುವ ಕಡೆ ಉಮಾಶ್ರೀಯವರ ಪಾತ್ರಗಳು ತಲೆ ಎತ್ತಿ ತಿರುಗಿ ಮಾತಾಡಿದವು. ತನ್ನನ್ನು ಕೆಣಕಿದ ಗಂಡಸಿನ ಬಾಯಿ ಮುಚ್ಚಿಸಿದವು. ಬರವಣಿಗೆ ಕೀಳಾಗಿದ್ದಾಗಲೂ ಆ ಹೆಂಗಸು ಕೀಳಾಗದಂತೆ ಕಾಯ್ದುಕೊಂಡ ಸಂದರ್ಭಗಳಿವೆ. ಎಲ್ಲ ಕಡೆ ಹೀಗಾಯಿತು ಎಂದಲ್ಲ. ಆದರೆ ಆದ ಕಡೆಯೆಲ್ಲ ಅದು ನಟಿಯ ಗೆಲುವು, ಸಂಭಾಷಣೆಯದ್ದಲ್ಲ.

ಈಗ ಗುಲಾಬಿಯನ್ನು ಹತ್ತಿರದಿಂದ ನೋಡೋಣ. ವೈದೇಹಿಯವರ ಸಣ್ಣಕಥೆಯಿಂದ ಹುಟ್ಟಿದ ಈ ಚಿತ್ರವನ್ನು ಕಾಸರವಳ್ಳಿ ಕಾರ್ಗಿಲ್ ಯುದ್ಧದ ಕಾಲಕ್ಕೆ, ಅಂದರೆ 1999ರ ಸುಮಾರಿಗೆ, ತಂದು ನಿಲ್ಲಿಸಿದ್ದಾರೆ. ಮೀನುಗಾರರ ಹಳ್ಳಿಯಲ್ಲಿ ಬೆರಳೆಣಿಕೆಯ ಮುಸ್ಲಿಮರು. ಅವರಲ್ಲಿ ಒಬ್ಬಳು ಗುಲಾಬಿ. ಗಂಡ ಮೂಸಾ ಇನ್ನೊಂದು ಮದುವೆಯಾಗಿ ಇವಳನ್ನು ಬಿಟ್ಟಿದ್ದಾನೆ. ಮಕ್ಕಳಿಲ್ಲ. ಕಸುಬು ಸೂಲಗಿತ್ತಿಯದು, ಹುಚ್ಚು ಸಿನಿಮಾದ್ದು. ಹೆರಿಗೆಗೆ ಕರೆಯಲು ಬಂದವರು ಇವಳನ್ನು ಹುಡುಕಬೇಕಾದದ್ದು ಚಿತ್ರಮಂದಿರದಲ್ಲಿ. ಹೆರಿಗೆ ಮಾಡಿಸಿಕೊಟ್ಟ ಋಣಕ್ಕೆ ಅವಳ ಗುಡಿಸಲಿಗೆ ಒಂದು ಬಣ್ಣದ ಟಿವಿ, ಡಿಶ್ ಬರುತ್ತದೆ. ಗಂಡಸರು ಕಡಲಿಗೆ ಹೋದ ಹೊತ್ತಿನಲ್ಲಿ ಊರ ಹೆಂಗಸರು ಒಬ್ಬೊಬ್ಬರಾಗಿ ಅಲ್ಲಿ ಸೇರತೊಡಗುತ್ತಾರೆ. ಕೆಲವರು ಒಳಗೆ ಬಂದು ಕೂರುತ್ತಾರೆ. ಕೆಲವರಿಗೆ ಮುಸ್ಲಿಮಳ ಮನೆಯ ಹೊಸ್ತಿಲು ದಾಟಲು ಹಿಂಜರಿಕೆ. ಅತ್ತೆಯ ದರ್ಬಾರಿನಲ್ಲಿ ಬೇಯುವ ನೇತ್ರು ಎಂಬ ಹುಡುಗಿಗೆ ಗುಲಾಬಿ ಗೆಳತಿಯಾಗುತ್ತಾಳೆ. ಅತ್ತ ಟ್ರಾಲರ್ ದೋಣಿಗಳು ಸಣ್ಣ ಮೀನುಗಾರರ ಹೊಟ್ಟೆಯ ಮೇಲೆ ಹೊಡೆಯುತ್ತಿವೆ, ಆ ಸಿಟ್ಟಿಗೆ ಮತದ ಬಣ್ಣ ಬರುತ್ತಿದೆ. ಒಂದು ದಿನ ನೇತ್ರು ಕಾಣೆಯಾಗುತ್ತಾಳೆ. ತಪ್ಪು ಗುಲಾಬಿಯ ಮೇಲೆ ಬರುತ್ತದೆ. ಕೊನೆಗೆ ಊರೇ ಅವಳನ್ನು ಹೊರದಬ್ಬುತ್ತದೆ.

ಈ ಕಥೆಯನ್ನು ಅಳುಮುಂಜಿಯಾಗಿ ಆಡಬಹುದಿತ್ತು. ಬಿಟ್ಟುಹೋದ ಗಂಡ, ಬರಿದಾದ ಮಡಿಲು, ಕಲ್ಲೆಸೆಯುವ ಊರು: ಅಳುವುದಕ್ಕೆ ಬೇಕಾದ ಸಾಮಗ್ರಿಯೆಲ್ಲ ಅಲ್ಲಿದೆ. ಉಮಾಶ್ರೀ ಆ ದಾರಿ ಹಿಡಿಯಲಿಲ್ಲ. ಅವರ ಗುಲಾಬಿ ಮೊದಲು ಖುಷಿಯ ಹೆಂಗಸು. ಸಿನಿಮಾ ನೋಡುವಾಗ ಅವಳ ಮುಖ ಮಗುವಿನದಾಗುತ್ತದೆ. ಟಿವಿ ಬಂದಾಗ ಅವಳಿಗೆ ಬರುವುದು ಒಡತಿಯ ಗತ್ತಲ್ಲ, ಹತ್ತು ಜನರನ್ನು ಕರೆದು ಕೂರಿಸಿ ತೋರಿಸುವ ಸಂಭ್ರಮ. ಗಂಡನ ಎರಡನೆಯ ಹೆಂಡತಿಯ ಮಗನನ್ನು ಕಂಡರೆ ಅವಳಿಗೆ ಅಸೂಯೆ ಹುಟ್ಟಬೇಕು, ಹುಟ್ಟುವುದು ಅಕ್ಕರೆ. ಪ್ರೇಕ್ಷಕರ ಕನಿಕರವನ್ನು ಬೇಡದ ಈ ಗುಣವೇ ಹಾಸ್ಯ ನಟರ ಮೊದಲ ಪಾಠ. ‘ನನ್ನನ್ನು ನೋಡಿ ಮರುಗಿ’ ಎಂದು ಮುಖ ಹಿಡಿದು ನಿಂತರೆ ಹಾಸ್ಯ ನಡೆಯುವುದಿಲ್ಲ. ಪಾತ್ರಕ್ಕೆ ತನ್ನ ಆಸೆಯ ಮೇಲೆ ಕಣ್ಣಿರಬೇಕು, ತನ್ನ ದುರದೃಷ್ಟದ ಮೇಲಲ್ಲ. ಗುಲಾಬಿಯ ಕಣ್ಣು ಕೊನೆಯವರೆಗೂ ಪರದೆಯ ಮೇಲಿದೆ, ಗೆಳತಿಯ ಮೇಲಿದೆ, ಆ ಹುಡುಗನ ಮೇಲಿದೆ. ಆದ್ದರಿಂದಲೇ ಊರು ಅವಳನ್ನು ಅಟ್ಟಿದಾಗ ನಮ್ಮ ಗಂಟಲು ಕಟ್ಟುತ್ತದೆ. ಹಾಸ್ಯದಲ್ಲಿ ಅರೆಕ್ಷಣದ ಮೌನಕ್ಕೆ ನಗು ಬರಿಸುವುದನ್ನು ಕಲಿತವರು, ಅದೇ ಅರೆಕ್ಷಣದ ಮೌನದಿಂದ ಇಲ್ಲಿ ಎದೆ ಭಾರ ಮಾಡುತ್ತಾರೆ. ಸಾಧನ ಒಂದೇ; ಕೆಲಸ ಬೇರೆ. ಚಿತ್ರದ ಕೊನೆಯಲ್ಲಿ, ಎಂದೂ ಅವಳ ಮನೆಯೊಳಗೆ ಕಾಲಿಡದಿದ್ದ ಇಬ್ಬರು ಮುದುಕಿಯರು ಟಿವಿ ನೋಡಲು ಒಳಗೆ ಹೋಗುತ್ತಾರೆ. ಆಗ ಮನೆಯಲ್ಲಿ ಗುಲಾಬಿ ಇಲ್ಲ. ಆ ಖಾಲಿತನ ಅಷ್ಟು ಚುಚ್ಚುವುದು, ಅಲ್ಲಿಯವರೆಗೆ ಉಮಾಶ್ರೀ ಆ ಮನೆಯನ್ನು ಅಷ್ಟು ತುಂಬಿದ್ದರಿಂದ.

ಇದೆಲ್ಲ ನಿರ್ದೇಶಕರ ಕೈಚಳಕ, ನಟಿಯದ್ದೇನು ಬಂತು ಎಂದು ಕೇಳುವವರಿದ್ದಾರೆ. ಅವರ ಕೈಯಲ್ಲಿ ಸಾಕ್ಷಿಯೂ ಇದೆ. ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ತಾರಾ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಪಡೆದರು. ‘ತಾಯಿ ಸಾಹೇಬ’ದಲ್ಲಿ ಜಯಮಾಲಾ, ‘ದ್ವೀಪ’ದಲ್ಲಿ ಸೌಂದರ್ಯಾ ತಮ್ಮ ಬದುಕಿನ ದೊಡ್ಡ ಪಾತ್ರಗಳನ್ನು ಆಡಿದರು. ಹಾಗಾದರೆ ಪ್ರತಿಭೆ ಕ್ಯಾಮೆರಾದ ಹಿಂದೆ ನಿಂತವರದ್ದೇ ಅಲ್ಲವೇ? ಅರ್ಧ ಮಾತು ಸರಿ. ಬರೆದ ಪಾತ್ರವೇ ಇಲ್ಲದಿದ್ದರೆ ಎಂಥ ನಟಿಯೂ ಏನೂ ಮಾಡಲಾಗದು, ಮತ್ತು ಜನಪ್ರಿಯ ಚಿತ್ರರಂಗ ಎರಡು ದಶಕ ಉಮಾಶ್ರೀಯವರಿಗೆ ಅಂಥ ಪಾತ್ರ ಬರೆಯಲಿಲ್ಲ. ಆದರೆ ನೀರಿಲ್ಲದ ಕಡೆ ಬಾವಿ ತೋಡಿದರೆ ಕಲ್ಲೇ ಸಿಗುವುದು. ಕಾಸರವಳ್ಳಿ ತೋಡಿದ ಕಡೆ ನೀರಿತ್ತು. ಸಾಕವ್ವನ ಕಾಲದಿಂದಲೂ ಇತ್ತು. ಇದಕ್ಕೆ ಇನ್ನೂ ಗಟ್ಟಿ ಉತ್ತರ ಬೇಕಿದ್ದರೆ ಬೇರೆ ನಿರ್ದೇಶಕರ ಕೆಲಸ ನೋಡಬೇಕು. ರೋಹಿತ್ ಪದಕಿಯವರ ‘ರತ್ನನ್ ಪ್ರಪಂಚ’ದಲ್ಲಿ (2021) ಉಮಾಶ್ರೀ ಸರೋಜಾ ಎಂಬ ತಾಯಿ. ಬಾಯಿ ಬಿಟ್ಟರೆ ನಿಲ್ಲದ ಮಾತು, ಮಗನಿಗೆ ತಲೆ ಚಿಟ್ಟು ಹಿಡಿಸುವ ಕಾಟ. ಹಳೆಯ ಹಾಸ್ಯದ ಉಮಾಶ್ರೀಯೇ ತಿರುಗಿ ಬಂದರು ಎನ್ನುವಾಗಲೇ, ಇವಳು ಹೆತ್ತ ತಾಯಿಯಲ್ಲ ಎಂಬ ಸತ್ಯ ಮಗನಿಗೆ ತಿಳಿಯುತ್ತದೆ. ಆಮೇಲೆ ಅದೇ ವಟವಟ ಮಾತು ನಮಗೆ ಬೇರೆ ರೀತಿ ಕೇಳಿಸುತ್ತದೆ: ಕಳೆದುಕೊಳ್ಳುವ ಭಯದಿಂದ ಮಗನನ್ನು ಮಾತಿನಲ್ಲಿ ಕಟ್ಟಿಹಾಕಿಕೊಂಡ ತಾಯಿಯ ಹಾಗೆ. ನಗೆಯ ಒಳಗೇ ದುಃಖ ಅಡಗಿಸಿಡುವ ಈ ವಿದ್ಯೆಯನ್ನು ಯಾವ ಒಬ್ಬ ನಿರ್ದೇಶಕರೂ ಕಲಿಸಿಕೊಟ್ಟದ್ದಲ್ಲ.

ಇನ್ನೊಂದು ಆಕ್ಷೇಪವೂ ಇದೆ. ಸಾಕವ್ವ, ಗುಲಾಬಿ, ರುದ್ರಿ, ಪುಟ್ಟಕ್ಕ: ಎಲ್ಲರೂ ಬಡವರು, ಹಳ್ಳಿಯವರು, ನೊಂದವರು. ಇದರಲ್ಲಿ ಬಹುಮುಖ ಎಲ್ಲಿದೆ, ಒಂದೇ ಮುಖವಲ್ಲವೇ? ಸೀರೆಯ ಬೆಲೆಯಿಂದ ಪಾತ್ರ ಅಳೆದರೆ ಹಾಗೆ ಕಾಣುತ್ತದೆ. ಕಳೆದುಕೊಂಡದ್ದರ ಮುಂದೆ ಪ್ರತಿಯೊಬ್ಬಳೂ ಹೇಗೆ ನಿಲ್ಲುತ್ತಾಳೆ ಎಂದು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಸಾಕವ್ವ ರೊಚ್ಚಿಗೇಳುತ್ತಾಳೆ. ಗುಲಾಬಿ ಕಳೆದುಕೊಂಡದ್ದನ್ನು ಮರೆತು ಇರುವುದನ್ನು ಹಂಚುತ್ತಾಳೆ. ಅಮರೇಶ ನುಗಡೋಣಿಯವರ ಕಥೆಯನ್ನು ಆಧರಿಸಿದ ‘ಕನಸೆಂಬೋ ಕುದುರೆಯನೇರಿ’ಯಲ್ಲಿ ಹೆಣ ಹೂಳಲು ಗುಂಡಿ ತೋಡುವ ಈರ್ಯಾನ ಹೆಂಡತಿ ರುದ್ರಿಯ ಸ್ಥಿತಿ ಬೇರೆಯೇ. ಗಂಡನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಸಾವು ಖಚಿತ ಎಂಬ ನಂಬಿಕೆಯೇ ಆ ಮನೆಯ ಅನ್ನ. ಗೌಡರ ಮನೆಯವರು ಸಾವನ್ನೇ ಮುಚ್ಚಿಟ್ಟಾಗ ಈರ್ಯಾನ ಕನಸು ಸುಳ್ಳಾಗುತ್ತದೆ. ವೈಜನಾಥ ಬಿರಾದಾರರ ಈರ್ಯಾನ ಪಕ್ಕದಲ್ಲಿ ಉಮಾಶ್ರೀ ಇಲ್ಲಿ ಹಿಂದೆ ಸರಿದು ನಿಲ್ಲುತ್ತಾರೆ. ಕಥೆಯ ಭಾರ ಅವನ ಮೇಲಿರಲು ಬಿಟ್ಟು ತಾವು ಅವನಿಗೆ ಊರುಗೋಲಾಗುತ್ತಾರೆ. ಮುಖ್ಯ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೇಲೆ ಹೀಗೆ ಹಿಂದೆ ಸರಿಯುವುದಕ್ಕೆ ದೊಡ್ಡ ಮನಸ್ಸು ಬೇಕು. 2021ರ ಕೊನೆಗೆ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕ ಮತ್ತೊಂದು ಬಗೆ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂವರನ್ನು ಸಾಕಿದವಳು. ಡೊಂಬಿವಲಿ, ಕಲ್ಯಾಣ್ ಸ್ಟೇಷನ್ನಿನ ಸುತ್ತ ಪೋಳಿ-ಭಾಜಿ ಕೇಂದ್ರ ನಡೆಸುವ, ಬೆಳಗಿನ ಲೋಕಲ್ ಹಿಡಿಯುವವರ ಡಬ್ಬಿ ತುಂಬಿಸುವ ಹೆಂಗಸರನ್ನು ನೋಡಿದವರಿಗೆ ಪುಟ್ಟಕ್ಕ ಹೊಸಬಳಲ್ಲ. ಅವಳಿಗೆ ರೊಚ್ಚಿಗೆ ಪುರುಸೊತ್ತಿಲ್ಲ, ಅಳುವುದಕ್ಕೂ ಇಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿದೆ.

ಮರಾಠಿ ರಂಗಭೂಮಿ, ಮರಾಠಿ ಸಿನಿಮಾಗಳ ನಡುವೆ ಬದುಕುವ ನಮಗೆ ಹೋಲಿಕೆಯೊಂದು ಕೈಗೆಟುಕುವಷ್ಟು ಹತ್ತಿರದಲ್ಲಿದೆ. ‘ಅಶೀ ಹೀ ಬನವಾ ಬನವೀ’ಯಂಥ ಚಿತ್ರಗಳಿಂದ ಮಹಾರಾಷ್ಟ್ರವನ್ನು ನಗಿಸಿದ ಲಕ್ಷ್ಮೀಕಾಂತ ಬೇರ್ಡೆ, 1992ರಲ್ಲಿ ಜಬ್ಬಾರ್ ಪಟೇಲರ ‘ಏಕ ಹೋತಾ ವಿದೂಷಕ’ದಲ್ಲಿ ತಮಾಷಾದಿಂದ ಮೇಲೆ ಬಂದ ವಿದೂಷಕನಾದರು. ಚಿತ್ರಕಥೆ ಪು.ಲ. ದೇಶಪಾಂಡೆಯವರದ್ದು. ನಗಿಸುವವನ ಒಳಗಿನ ಒಂಟಿತನವನ್ನು ಅಷ್ಟು ಚೆನ್ನಾಗಿ ತೋರಿಸಿದ ಮೇಲೂ ಚಿತ್ರರಂಗ ಅವರನ್ನು ಮತ್ತೆ ಹಾಸ್ಯದ ಅಚ್ಚಿಗೇ ಕಳಿಸಿತು. ಉಮಾಶ್ರೀ ಆ ವಿಷಯದಲ್ಲಿ ಹೆಚ್ಚು ಅದೃಷ್ಟವಂತರು, ಅದಕ್ಕಿಂತ ಹೆಚ್ಚು ಹಠವಾದಿ. ರಾಜಕೀಯಕ್ಕೆ ಹೋಗಿ 2013ರಲ್ಲಿ ತೇರದಾಳದಿಂದ ಗೆದ್ದು ಸಚಿವೆಯಾದ ಮೇಲೂ ನಟನೆ ಬಿಡಲಿಲ್ಲ. ‘ಶರ್ಮಿಷ್ಠೆ’ ಎಂಬ ಏಕವ್ಯಕ್ತಿ ನಾಟಕವನ್ನು ಕೈಗೆತ್ತಿಕೊಂಡರು. 2025ರ ಆರಂಭದಲ್ಲಿ ಹೊನ್ನಾವರದ ಯಕ್ಷಗಾನ ರಂಗಸ್ಥಳದಲ್ಲಿ ಮಂಥರೆಯಾಗಿ ನಿಂತರು. 67ರ ವಯಸ್ಸಿನಲ್ಲಿ ಹೊಸ ಕಲೆಯೊಂದರ ಮುಂದೆ ಶಿಷ್ಯೆಯಾಗಿ ನಿಲ್ಲುವುದು ಎಂದರೆ, ಗೆದ್ದ ಮುಖವನ್ನೇ ಮತ್ತೆ ಮತ್ತೆ ತೋರಿಸಿ ಬದುಕುವ ಆಸೆಯನ್ನು ಬಿಟ್ಟುಕೊಡುವುದು. ಬಹುಮುಖ ಎಂಬ ಮಾತಿಗೆ ಅರ್ಥ ಇದ್ದರೆ ಅದು ಇಲ್ಲಿದೆ.

ಥಾಣೆಯಲ್ಲಿ ಗಡ್ಕರಿ ರಂಗಾಯತನ, ಡೊಂಬಿವಲಿಯಲ್ಲಿ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣದಲ್ಲಿ ಆಚಾರ್ಯ ಅತ್ರೆ ರಂಗಮಂದಿರ, ವಾಶಿಯಲ್ಲಿ ವಿಷ್ಣುದಾಸ ಭಾವೆ ನಾಟ್ಯಗೃಹ ಇವೆ. ನಮ್ಮ ಸಂಘಗಳು ವಾರ್ಷಿಕೋತ್ಸವ ಮಾಡುತ್ತವೆ, ಯಕ್ಷಗಾನ ಆಡಿಸುತ್ತವೆ, ಸಿನಿಮಾದವರನ್ನು ಕರೆಸಿ ಸನ್ಮಾನಿಸುತ್ತವೆ. ಒಳ್ಳೆಯ ಕೆಲಸ. ಅದರ ಜೊತೆಗೆ ವರ್ಷಕ್ಕೆ ಒಂದು ಸಂಜೆಯಾದರೂ ಒಂದು ಚಿತ್ರ ತೋರಿಸಿ, ಮುಗಿದ ಮೇಲೆ ಅರ್ಧ ಗಂಟೆ ಕೂತು ಮಾತಾಡುವ ಪದ್ಧತಿ ಬರಲಿ. ಮೊದಲ ಚಿತ್ರ ‘ಗುಲಾಬಿ ಟಾಕೀಸ್’ ಆಗಲಿ. ಕುಂದಾಪುರದ ಮಾತನ್ನು ಅಜ್ಜಿಯ ಬಾಯಲ್ಲಿ ಮಾತ್ರ ಕೇಳಿದ, ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಓದಿದ ನಮ್ಮ ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂರಲಿ. ನಗಿಸುವ ಹೆಂಗಸನ್ನು ಹಗುರವಾಗಿ ನೋಡಬಾರದೆಂಬುದನ್ನು ಅವರಿಗೆ ಯಾರೂ ಭಾಷಣ ಮಾಡಿ ಹೇಳಬೇಕಾಗಿಲ್ಲ. ಗುಲಾಬಿಯೇ ಹೇಳುತ್ತಾಳೆ.